ಕೊಳವೆಗೆ ಹಣೆ ಹಚ್ಚುತ್ತಿದ್ದ ದಸ್ತಗೀರ್ ಸಾಹೇಬರು

ದಸ್ತಗೀರ್ ಸಾಹೇಬರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅವರ ಕೆಲಸ ಮಾತ್ರ ನೆಲದ ಸದ್ದು ಕೇಳುವುದು. ಎರಡೂ ಕಿವಿಗೆ ಯಂತ್ರ ಹಾಕಿಕೊಳ್ಳುತ್ತಿದ್ದರು. ನೆಲವನ್ನು ಕೇಳಬೇಕು ಅನ್ನಿಸಿದಾಗ ಆ ಎರಡನ್ನೂ ತೆಗೆದು ಜೇಬಿಗೆ ಹಾಕಿ, ಕೊಳವೆಬಾವಿಯ ಬಾಯಿಂದ ಎದ್ದು ನಿಂತಿದ್ದ ಕಬ್ಬಿಣದ ಕೊಳವೆಗೆ ಹಣೆ ಹಚ್ಚಿ ಕಣ್ಣು ಮುಚ್ಚುತ್ತಿದ್ದರು. ನಡುವೆ ಒಂದು ತೆಳು ಕರವಸ್ತ್ರ. ಅದಿಲ್ಲದಿದ್ದರೆ ಸ್ವೀಡನ್ನಿನ ಚಳಿಗಾಲದಲ್ಲಿ ಹಣೆಯ ಚರ್ಮ ಕೊಳವೆಗೇ ಅಂಟಿಕೊಳ್ಳುತ್ತದೆ.

ನಾನು ಅವರನ್ನು ಮೊದಲು ಕಂಡದ್ದು ಹಾಗೆಯೇ. ಮೈನಸ್ ಹನ್ನೆರಡು ಡಿಗ್ರಿ ಇತ್ತು. ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟ, ಬಿಳಿ ಗಡ್ಡದ ಹಿರಿಯರೊಬ್ಬರು ಕೊಳವೆಗೆ ಹಣೆಯಿಟ್ಟು ನಿಂತಿದ್ದರು. ನಮಾಜು ಮಾಡುತ್ತಿದ್ದಾರೆ ಎಂದುಕೊಂಡೆ. ನಾನೋ ಮಹಾ ಸಭ್ಯಸ್ಥೆ! ಪ್ರಾರ್ಥನೆಗೆ ಭಂಗವಾಗಬಾರದು ಎಂದು ಬೆನ್ನು ತಿರುಗಿಸಿ, ಕೈಕಟ್ಟಿಕೊಂಡು ಹಿಮದಲ್ಲಿ ನಿಂತೆ. ಹತ್ತು ನಿಮಿಷ ಕಳೆಯಿತು. ಕಾಲ್ಬೆರಳುಗಳು ಇವೆಯೋ ಇಲ್ಲವೋ ಎಂಬ ಅನುಮಾನ ಶುರುವಾಗುವ ಹೊತ್ತಿಗೆ ಹಿಂದಿನಿಂದ ದನಿ ಬಂತು. ತಿರುಗಿದೆ. ಅವರು ಕಿವಿಯ ಯಂತ್ರ ಸಿಕ್ಕಿಸಿಕೊಳ್ಳುತ್ತಾ ನನ್ನ ಎದೆಯ ಮೇಲಿನ ಹೆಸರಿನ ಬಿಲ್ಲೆ ಓದುತ್ತಿದ್ದರು.

"ಸುಮಾ ರಾಮಚಂದ್ರಯ್ಯ. ಕನ್ನಡದವ್ರೇನ್ರಿ? ಹಿಂಗ್ಯಾಕ ಆ ಕಡೆ ಮಾರಿ ಮಾಡಿ ನಿಂತಿದ್ರಿ?"

"ನಿಮ್ಮ ಪ್ರಾರ್ಥನೆ ಮುಗೀಲಿ ಅಂತ ವೇಟ್ ಮಾಡ್ತಿದ್ದೆ ಸರ್."

"ಪ್ರಾರ್ಥನಾ?" ಗಡ್ಡದೊಳಗೆ ನಗು ಮೂಡಿತು. "ಮೇಡಮ್ರ, ನಮಾಜಿಗೆ ಇನ್ನಾ ಎರಡು ತಾಸು ಅದ. ಇದು ಡ್ಯೂಟಿ."

ಅದು ಎಸ್ಕಿಲ್‌ಸ್ಟುನಾದಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಒಂದು ಹಳ್ಳಿಯ ಅಂಚು. ಕೆಲವು ಕಿಲೋಮೀಟರ್ ಆಳದ ಬಿಸಿ ಬಂಡೆಗೆ ನೀರು ನುಗ್ಗಿಸಿ, ಆ ಶಾಖವನ್ನು ಮೇಲೆ ತಂದು ಹಳ್ಳಿಯ ಮನೆಗಳನ್ನು ಬೆಚ್ಚಗಿಡುವ ಪ್ರಯೋಗ ಅಲ್ಲಿ ನಡೆದಿತ್ತು. ನೀರಿನ ಒತ್ತಡಕ್ಕೆ ಬಂಡೆಯ ಬಿರುಕು ಕೂದಲೆಳೆಯಷ್ಟು ಜಾರಿದರೂ ಒಂದು ಪುಟ್ಟ ಭೂಕಂಪವಾಗುತ್ತದೆ, ಯಾರ ಗಮನಕ್ಕೂ ಬಾರದಂಥದ್ದು. ಸುತ್ತಲೂ ಹೂತಿಟ್ಟ ಜಿಯೋಫೋನುಗಳು ಅದನ್ನು ಹಿಡಿದು ಕಳಿಸುತ್ತವೆ. ಒಂದೊಂದು ನಡುಕಕ್ಕೆ ಒಂದೊಂದು ಚುಕ್ಕೆ ಇಟ್ಟು, ಯಾರೂ ಕಾಣದ ಪಾತಾಳದಲ್ಲಿ ಬಿರುಕು ಯಾವ ಕಡೆ ಹೊರಟಿದೆ ಎಂದು ಪರದೆಯ ಮೇಲೆ ಬಿಡಿಸುವುದು ನನ್ನ ಕೆಲಸ. ಚುಕ್ಕೆಗಳು ಚೆಲ್ಲಾಪಿಲ್ಲಿಯಾಗಿದ್ದರೆ ಕ್ಷೇಮ, ಸಾಲುಗಟ್ಟಿ ಊರಿನ ಕಡೆ ನಡೆದರೆ ಅಪಾಯ. ಜಿಯೋಫೋನುಗಳನ್ನು ಹೂತು, ಒರೆಸಿ, ಕೇಬಲ್ಲು ಕಟ್ಟಿ ಕಾಯುವುದು ದಸ್ತಗೀರ್ ಸಾಹೇಬರ ಕೆಲಸ. ಅವರು ರಾಯಚೂರು ಕಡೆಯ ಚಿನ್ನದ ಗಣಿಯಲ್ಲಿ ಶುರುಮಾಡಿ, ಸ್ವೀಡನ್ನಿನ ಉತ್ತರದ ಕಬ್ಬಿಣದ ಗಣಿಯಲ್ಲಿ ಕಿವಿ ಕಳೆದುಕೊಂಡು, ಅರವತ್ತು ದಾಟಿದ ಮೇಲೆ ಇಲ್ಲಿಗೆ ಬಂದಿದ್ದರು.

ಸ್ಟಾಕ್‌ಹೋಮಿನ ಯುಗಾದಿ ಕೂಟದಲ್ಲಿ ಅವರನ್ನು ಕಂಡರೆ ಗುರುತೇ ಸಿಗುತ್ತಿರಲಿಲ್ಲ. ಬೆಂಗಳೂರು, ಮಂಗಳೂರು, ಮೈಸೂರಿನವರೆಲ್ಲ ಸೇರಿದ ಕಡೆ ಸಾಹೇಬರು ರೇಡಿಯೋ ವಾರ್ತೆಯ ಕನ್ನಡಕ್ಕೆ ಬಡ್ತಿ ಪಡೆಯುತ್ತಿದ್ದರು. "ತಾವು ಊಟ ಮಾಡಿದಿರಾ? ಮಗು ಸೌಖ್ಯವೇ?" ಎಂದು ನನ್ನನ್ನೇ ಕೇಳಿದಾಗ ನಾನು ಹೋಳಿಗೆ ನೆತ್ತಿಗೇರಿ ಕೆಮ್ಮಿದ್ದೆ. ಸೋಮವಾರ ಸೈಟಿಗೆ ಬಂದೊಡನೆ, "ಏನ್ ಮಾಡ್ಲಿರಿ, ನಮ್ಮ ಮಾತು ಕೇಳಿದ್ರ ಜಗಳಕ್ಕ ಬಂದಾನ ಅಂತಾರ" ಎಂದು ವಿವರಣೆ ಕೊಟ್ಟರು. ಅವರ ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ. ನನ್ನ ಡಬ್ಬಿಯಲ್ಲಿ ಫ್ರೀಜರಿನಿಂದ ಎದ್ದು ಬಂದ ಪಾಸ್ತಾ. ಎರಡನೆಯ ವಾರದಿಂದ ಅವರ ಹೆಂಡತಿ ಶಾಹಿದಾ ಬೇಗಂ ಎರಡು ರೊಟ್ಟಿ ಹೆಚ್ಚಿಗೆ ಕಟ್ಟತೊಡಗಿದರು. ನಾನು ಬೇಡ ಬೇಡ ಎನ್ನುತ್ತಲೇ ತಿಂದೆ. ನನ್ನ ಸಂಕೋಚಕ್ಕೆ ಯಾವತ್ತೂ ಹಸಿವನ್ನು ಗೆಲ್ಲಲಾಗಿಲ್ಲ.

ನನ್ನ ಪರಿಸ್ಥಿತಿಯನ್ನೂ ಹೇಳಿಬಿಡಬೇಕು. ಆರು ತಿಂಗಳ ಪರೀಕ್ಷಾ ಅವಧಿಯ ನೌಕರಿ. ವರ್ಕ್ ಪರ್ಮಿಟ್ ಇದ್ದದ್ದು ನನ್ನ ಹೆಸರಿನಲ್ಲಿ. ಗಂಡ ಪ್ರಸನ್ನ ನನ್ನ ಬೆನ್ನಿಗೆ ಬಂದು, ಸ್ಟಾಕ್‌ಹೋಮಿಗೆ ಅಂಟಿಕೊಂಡ ಸುಂಡ್‌ಬೀಬರ್ಯ್‌ನ ಬಾಡಿಗೆ ಮನೆಯಲ್ಲಿ ಕೂತು ಕೆಲಸ ಹುಡುಕುತ್ತಿದ್ದ. ನಾಲ್ಕು ವರ್ಷದ ಮಗಳು ದಗಿಸ್‌ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ ಹೋಗಿ ನಮಗೆ ಸ್ವೀಡಿಷ್‌ನಲ್ಲಿ ಬೈಯಲು ಕಲಿತಿದ್ದಳು. ನನ್ನ ನೌಕರಿ ಹೋದರೆ ಮೂರೂ ಜನ ಗಂಟುಮೂಟೆ ಕಟ್ಟಬೇಕು. ಹಾಗಾಗಿ ನಾನು ಏನಾದರೂ ಘನಂದಾರಿ ಕೆಲಸ ಮಾಡಿ ತೋರಿಸಲೇಬೇಕಿತ್ತು.

ಮಾಡಿಯೂ ತೋರಿಸಿದೆ.

ಎರಡು ತಿಂಗಳ ಚುಕ್ಕೆಗಳನ್ನು ಗಂಟೆಗಂಟೆಗೆ ಎಣಿಸಿ ಗ್ರಾಫು ಬರೆದೆ. ದಿನವಿಡೀ ತಣ್ಣಗಿರುವ ನೆಲ ಬೆಳಗ್ಗೆ ಒಂಬತ್ತೂವರೆಗೆ ಮತ್ತು ಮಧ್ಯಾಹ್ನ ಎರಡೂವರೆಗೆ ಪಟಪಟ ನಡುಗುತ್ತಿತ್ತು. ಅವು ನಮ್ಮ ಸೈಟಿನ ಫೀಕಾ ಸಮಯ. ಫೀಕಾ ಎಂದರೆ ಬರೀ ಕಾಫಿ ಕುಡಿಯುವುದು ಎಂದು ತಿಳಿದವರು ಈ ದೇಶದಲ್ಲಿ ಹೆಚ್ಚು ದಿನ ಬಾಳುವುದಿಲ್ಲ. ಆ ಇಪ್ಪತ್ತು ನಿಮಿಷ ಲಾರಿ ನಿಲ್ಲುತ್ತದೆ, ಜನರೇಟರು ನಿಲ್ಲುತ್ತದೆ, ಹಗಲೂ ರಾತ್ರಿ ಓಡುವ ದೊಡ್ಡ ಪಂಪನ್ನೂ ತಗ್ಗಿಸುತ್ತಾರೆ, ಎಲ್ಲರೂ ಒಟ್ಟಿಗೆ ಮೇಜಿನ ಸುತ್ತ ಕೂರುತ್ತಾರೆ. ನನ್ನ ತಲೆಯಲ್ಲಿ ದೀಪ ಹೊತ್ತಿಕೊಂಡಿತು. ಫೀಕಾಕ್ಕಾಗಿ ಪಂಪು ತಗ್ಗಿಸಿದಾಗ ಒತ್ತಡ ಏರುಪೇರಾಗಿ ಬಂಡೆ ಬಿರಿಯುತ್ತಿದೆ! ಪಂಪನ್ನು ತಗ್ಗಿಸದೆ ಒಂದೇ ಸಮ ನಡೆಸಿದರೆ ಭೂಕಂಪವೇ ಇಲ್ಲ!

ಸಾಹೇಬರಿಗೆ ಮೊದಲು ತೋರಿಸಿದೆ. ಅವರು ಗ್ರಾಫನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ನೆಲಕ್ಕ ಗಡಿಯಾರ ನೋಡೂ ಚಟ ಇಲ್ರಿ ಮೇಡಮ್ರ. ನನಗ್ಯಾಕೋ ಇದು ಸರಿ ಕಾಣ್ವಲ್ದು."

"ಸರ್, ಡೇಟಾ ಕ್ಲಿಯರ್ ಆಗಿ ಹೇಳ್ತಿದೆ ಅಲ್ವಾ, ನೋಡಿ," ಎಂದು ಗ್ರಾಫಿನ ಬಣ್ಣ ಬದಲಾಯಿಸಿ ಮತ್ತೊಮ್ಮೆ ತೋರಿಸಿದೆ. ಬಣ್ಣ ಬದಲಾದರೆ ಸತ್ಯ ಇನ್ನಷ್ಟು ಸತ್ಯವಾಗುತ್ತದೆ ಎಂದು ಆಗ ನಂಬಿದ್ದೆ. ಅವರು ಕೇಬಲ್ಲು ಸುತ್ತಲು ಎದ್ದುಹೋದರು.

ಸೈಟಿನ ಮುಖ್ಯಸ್ಥ ಲೆನಾರ್ಟ್ ಒಪ್ಪಿಕೊಂಡ. ವಿರೋಧ ಬಂದದ್ದು ಬೇರೆ ಕಡೆಯಿಂದ. ಪಂಪು, ಜನರೇಟರು ನಿಲ್ಲಬಾರದು ಎಂದರೆ ಫೀಕಾವನ್ನು ಸರದಿಯ ಮೇಲೆ ಕುಡಿಯಬೇಕು. ಇದನ್ನು ಪ್ರಕಟಿಸಿದಾಗ ಡ್ರಿಲ್ಲಿಂಗಿನ ಹುಡುಗರು ನನ್ನನ್ನು ನೋಡಿದ ನೋಟವನ್ನು ಮರೆಯಲಾರೆ. ಭೂಕಂಪಕ್ಕೆ ಅಂಜದವರು ಒಂಟಿಯಾಗಿ ಕಾಫಿ ಕುಡಿಯುವುದಕ್ಕೆ ಅಂಜಿದರು. ಆದರೂ ಹೊಸ ಪದ್ಧತಿ ಜಾರಿಯಾಯಿತು. ಮೂರು ವಾರ ಗ್ರಾಫಿನಲ್ಲಿ ಚುಕ್ಕೆಗಳೇ ಇಲ್ಲ! ನೆಲ ಗಪ್‌ಚುಪ್. ಲೆನಾರ್ಟ್ ಕೈಕುಲುಕಿದ, ಕೇಕು ತರಿಸಿದ. ಅದನ್ನೂ ಸರದಿಯ ಮೇಲೆ ತಿಂದೆವು. ಮನೆಗೆ ಬಂದು ಪ್ರಸನ್ನನಿಗೆ, "ಇನ್ಮೇಲೆ ಸ್ವಲ್ಪ ಮರ್ಯಾದೆಯಿಂದ ಮಾತಾಡ್ಸು, ನಾನು ಭೂಕಂಪ ನಿಲ್ಸಿದೀನಿ," ಎಂದೆ. "ಹಾಗಾದ್ರೆ ಮಗಳ ಹಟಾನೂ ನಿಲ್ಸಮ್ಮ ತಾಯಿ," ಎಂದ.

ಗ್ರಾಫು ಇಷ್ಟು ಶುಭ್ರವಾಗಿರುವಾಗ ಇನ್ನೇಕೆ ತಡ ಎಂದು, ಮುಂದಿನ ಸೋಮವಾರದಿಂದ ನೀರಿನ ಒತ್ತಡ ಏರಿಸುವುದು ಎಂದು ನಿರ್ಧಾರವಾಯಿತು. ಅದಕ್ಕೆ ಮುಂಚೆ ಗುರುವಾರ ಸಂಜೆ ಕೊಮ್ಯೂನ್, ಅಂದರೆ ಅಲ್ಲಿನ ಪುರಸಭೆ, ಹಳ್ಳಿಯವರ ಸಭೆ ಕರೆದಿತ್ತು. ನೆಲ ಸುರಕ್ಷಿತ ಎಂದು ಊರವರಿಗೆ ಹೇಳುವ ಗೌರವ ನನಗೇ ಬಂತು.

ಬುಧವಾರ ಫಿಲ್ಟರ್ ಬದಲಿಸಲು ಪಂಪನ್ನು ಸ್ವಲ್ಪ ಹೊತ್ತು ನಿಲ್ಲಿಸುವುದಿತ್ತು. ಸಾಹೇಬರು ನನ್ನನ್ನು ಕರೆದರು. ಅವರ ಮಾತಿನಂತೆ ಜನರೇಟರನ್ನೂ ಆರಿಸಿದ್ದರು.

"ಬರ್ರಿ ಇಲ್ಲಿ. ಹಣಿ ಹಚ್ರಿ."

"ನಾನಾ?"

"ಮತ್ತ್ಯಾರು, ಲೆನಾರ್ಟನ ಅವ್ವನಾ? ಹಚ್ರಿ ಅಂದ್ರ."

ಕರವಸ್ತ್ರ ಹಿಡಿದು ಹಣೆ ಹಚ್ಚಿದೆ. ಮೊದಲು ಚಳಿ ಬಿಟ್ಟರೆ ಏನೂ ಇಲ್ಲ. ಆಮೇಲೆ ತಲೆಬುರುಡೆಯ ಒಳಗೆಲ್ಲೋ ಒಂದು ಸಣ್ಣ ಟಕ್. ಸುಮ್ಮನೆ ನಿಂತೆ. ಇನ್ನೊಂದು. ಕೊಳವೆ ತಣ್ಣಗಾಗುವ ಸದ್ದಿರಬಹುದು ಎಂದು ಸಮಾಧಾನ ಮಾಡಿಕೊಂಡು ಕಂಪ್ಯೂಟರಿಗೆ ಓಡಿದೆ. ಯಂತ್ರ ನಿಂತಿದ್ದ ಅಷ್ಟೇ ಹೊತ್ತಿನಲ್ಲಿ ಏಳು ಚುಕ್ಕೆ ಬಿದ್ದಿದ್ದವು. ಮೂರು ವಾರದಲ್ಲಿ ಬೀಳದ್ದು ಕೆಲವೇ ನಿಮಿಷದಲ್ಲಿ ಬಿದ್ದಿತ್ತು, ಅದೂ ಹಳ್ಳಿಯ ಕಡೆಗೆ.

ನೆಲ ನಡುಗುತ್ತಿದ್ದುದು ಫೀಕಾ ಹೊತ್ತಿನಲ್ಲಷ್ಟೇ ಅಲ್ಲ, ದಿನವಿಡೀ ನಡುಗುತ್ತಿತ್ತು. ನಮ್ಮ ಯಂತ್ರಗಳ ಗದ್ದಲದಲ್ಲಿ ಜಿಯೋಫೋನುಗಳಿಗೆ ಅದು ಕೇಳಿಸುತ್ತಿರಲಿಲ್ಲ, ಅಷ್ಟೆ. ಎಲ್ಲರೂ ಕಾಫಿಗೆ ಕೂತು ನಿಶ್ಶಬ್ದವಾದಾಗ ಮಾತ್ರ ಕೇಳಿಸುತ್ತಿತ್ತು. ನಾನು ಮಹಾಬುದ್ಧಿವಂತೆ ಆ ನಲವತ್ತು ನಿಮಿಷವನ್ನೂ ಗದ್ದಲದಿಂದ ತುಂಬಿಸಿ, ನೆಲದ ಬಾಯಿ ಮುಚ್ಚಿಸಿದೆ ಎಂದು ಕೇಕು ತಿಂದಿದ್ದೆ. ಈಗ ಅದೇ ಗ್ರಾಫನ್ನು ನಂಬಿ ಒತ್ತಡ ಏರಿಸಲು ಹೊರಟಿದ್ದರು.

"ಮೊದಲೇ ಯಾಕೆ ಹೇಳ್ಲಿಲ್ಲ ಸರ್ ನೀವು?" ಎಂದು ಅವರ ಮೇಲೆಯೇ ರೇಗಿದೆ. ತಪ್ಪು ನನ್ನದಾದಾಗ ನನಗೆ ಸಿಟ್ಟು ಜಾಸ್ತಿ.

"ಹೇಳಿದ್ನಲ್ರಿ. ನೀವು ಬಣ್ಣ ಬದಲಿ ಮಾಡಿ ತೋರಿಸಿದ್ರಿ."

ಆ ರಾತ್ರಿ ಮನೆಯಲ್ಲಿ ನಾನು ಹುಡುಕಿದ ನೆವಗಳನ್ನು ಬರೆದರೆ ಅದೇ ಒಂದು ಪುಸ್ತಕವಾಗುತ್ತದೆ. ಏಳು ಚುಕ್ಕೆ ಆಕಸ್ಮಿಕವಿರಬಹುದು. ಸಭೆ ಮುಗಿಯಲಿ, ಆಮೇಲೆ ಮೆಲ್ಲಗೆ ಲೆನಾರ್ಟನ ಕಿವಿಗೆ ಹಾಕಿದರಾಯಿತು. ಪರೀಕ್ಷಾ ಅವಧಿ ಮುಗಿಯಲು ಹದಿನೆಂಟೇ ದಿನ ಉಳಿದಿವೆ, ಬಂಡೆ ಇಷ್ಟು ಕೋಟಿ ವರ್ಷ ಕಾದಿದೆ, ಹದಿನೆಂಟು ದಿನ ಕಾಯಲಾರದೆ? ಪ್ರಸನ್ನ ಎಲ್ಲವನ್ನೂ ಕೇಳಿಸಿಕೊಂಡು, "ನೀನು ಏನ್ ಡಿಸೈಡ್ ಮಾಡಿದ್ರೂ ಓಕೆ," ಎಂದು ಮಗಳ ಪುಟ್ಟ ಬೂಟುಗಳನ್ನು ಒರೆಸುತ್ತಾ ಕೂತ. ಅವನು ಬೈದಿದ್ದರೆ ಚೆನ್ನಾಗಿತ್ತು.

ಗುರುವಾರ ಬೆಳಗ್ಗೆ ಸಾಹೇಬರು ರೊಟ್ಟಿ ಮುಂದಿಟ್ಟರು. ನನಗೆ ಸೇರಲಿಲ್ಲ. ಅದು ಅವರಿಗೆ ಗಾಬರಿ ಹುಟ್ಟಿಸಿರಬೇಕು.

"ಲೆನಾರ್ಟ್‌ಗೆ ನೀವೇ ಹೇಳ್ಬಿಡಿ ಸರ್," ಎಂದೆ. "ನಿಮ್ಗೆ ಎಕ್ಸ್‌ಪೀರಿಯೆನ್ಸ್ ಇದೆ, ನಿಮ್ಮ ಮಾತು ಕೇಳ್ತಾನೆ."

"ನಾ ಹೇಳಿದ್ರ ಮುದುಕಗ ಕಿವಿ ಕೇಳಂಗಿಲ್ಲ, ಏನೋ ಒದರ್ತಾನ ಅಂತಾರ. ಗ್ರಾಫ್ ನಿಮ್ದು. ನೀವ ಹೇಳಬೇಕು." ಸ್ವಲ್ಪ ಹೊತ್ತು ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದರು. ಅವತ್ತಿನವರೆಗೂ ಗಣಿಯ ತಮಾಷೆಗಳನ್ನಷ್ಟೇ ಹೇಳಿದ್ದವರು ಬೇರೆಯೇ ದನಿಯಲ್ಲಿ ಶುರುಮಾಡಿದರು.

"ನಮ್ಮ ಗಣ್ಯಾಗ ಯಲ್ಲಪ್ಪ ಅಂತ ನನ್ನ ಜೋಡಿದಾರ ಇದ್ದ. ಡ್ರಿಲ್ ನಡೆದಾಗ ಏನೂ ಕೇಳ್ತಿದ್ದಿಲ್ಲ. ಊಟಕ್ಕ ಕುಂತಾಗ ಮ್ಯಾಲಿನ ಕಲ್ಲು ಟಕ್ ಟಕ್ ಅಂತಿತ್ತು. ನನಗ ಕೇಳ್ತು. ಆಗ ನನ್ನ ಕಿವಿ ಛಲೋ ಇದ್ವು. ಕೆಲಸಕ್ಕ ಸೇರಿ ಎರಡು ತಿಂಗಳಾಗಿತ್ತು. ಮೇಸ್ತ್ರಿಗೆ ಹೇಳಿದ್ರ ಅಂಜುಬುರುಕ ಅಂತ ಬಿಡಸ್ತಾರ ಅಂತ ಸುಮ್ಮನಾದೆ. ಮೂರನೇ ದಿನ ಕಲ್ಲು ಸಿಡೀತು. ಯಲ್ಲಪ್ಪ ಹೋದ. ನಾ ನೀರು ತರಾಕ ಹೋಗಿದ್ದೆ, ಉಳದೆ." ಮುಚ್ಚಳವನ್ನು ಬಿಗಿಯಾಗಿ ಹಾಕಿದರು. "ಅವನ ಹೆಂಡ್ತಿ ನನಗ ಭೇಟಿ ಆದಾಗೆಲ್ಲ, ನೀನಾರ ಉಳದೆಲ್ಲಪಾ, ಪುಣ್ಯ ಅಂತಾಳ. ಆಕಿಗೆ ಇವತ್ತಿನ ತನಕ ನಾ ಹೇಳಿಲ್ಲ. ನೋಡು ತಂಗಿ, ನೌಕರಿ ಇನ್ನೊಂದು ಸಿಗ್ತದ. ಇದು ಮಾತ್ರ ಎದಿ ಮ್ಯಾಲ ಕುಂತ್ರ ಏಳಂಗಿಲ್ಲ."

ಅಲ್ಲಿಯವರೆಗೂ 'ಮೇಡಮ್ರ' ಎನ್ನುತ್ತಿದ್ದವರು ಅವತ್ತು ತಂಗಿ ಎಂದರು.

ಸಂಜೆ ಸಭೆಯಲ್ಲಿ ದಾಲ್ಚಿನ್ನಿ ಬನ್ನು, ಕಾಫಿ, ಐವತ್ತು ಜನ. ಮುಂದಿನ ಸಾಲಿನಲ್ಲಿ ಬಿರ್ಗಿಟ್ಟಾ ಎಂಬ ಅಜ್ಜಿ. ಬಾವಿಗೆ ಅತಿ ಹತ್ತಿರದ ಮನೆ ಅವಳದೇ, ಪಕ್ಕದಲ್ಲೇ ಊರಿನ ದಗಿಸ್. ನಾನು ವೇದಿಕೆ ಹತ್ತಿ, ಕಣ್ಣುಮುಚ್ಚಿಕೊಂಡು, ನನ್ನ ಹರಕು ಸ್ವೀಡಿಷ್‌ನಲ್ಲಿ ಎಲ್ಲವನ್ನೂ ಒಪ್ಪಿಕೊಂಡೆ. ಗ್ರಾಫು ತಪ್ಪು, ತಪ್ಪು ನನ್ನದು, ನೆಲ ಸುಮ್ಮನಿಲ್ಲ, ನಮಗೆ ಕೇಳಿಸುತ್ತಿಲ್ಲ ಅಷ್ಟೆ, ಒತ್ತಡ ಏರಿಸಬಾರದು. ಕಣ್ಣು ತೆರೆದಾಗ ಯಾರ ಮುಖದಲ್ಲೂ ಏನೂ ಇಲ್ಲ. ಮೈಕು ಆನ್ ಆಗಿರಲಿಲ್ಲ. ಜೀವಮಾನದಲ್ಲಿ ಒಮ್ಮೆ ಧೈರ್ಯ ಮಾಡಿದರೆ ಅದನ್ನೂ ಎರಡು ಸಲ ಮಾಡಬೇಕಾಯಿತು.

ಎರಡನೆಯ ಸಲ ಕೇಳಿಸಿತು. ಲೆನಾರ್ಟ್ ಕಾಫಿ ಕಪ್ಪನ್ನು ಕೆಳಗಿಟ್ಟ. ಬಿರ್ಗಿಟ್ಟಾ ಎದ್ದು, "ಹಾಗಾದರೆ ನನ್ನ ಮನೆಯ ಕೆಳಗೆ ಏನಿದೆ?" ಎಂದು ಕೇಳಿದಳು. "ಗೊತ್ತಿಲ್ಲ," ಎಂದೆ. ಈ ದೇಶದಲ್ಲಿ ಅವತ್ತಿನವರೆಗೆ ನಾನು ಆಡಿದ್ದ ಅತ್ಯಂತ ಪ್ರಾಮಾಣಿಕ ಮಾತು ಅದು. ಹಿಂದಿನ ಸಾಲಿನಲ್ಲಿ ಸಾಹೇಬರು ಕಿವಿಯ ಯಂತ್ರವನ್ನು ಬೆರಳಲ್ಲಿ ಒತ್ತಿ ಹಿಡಿದು ಒಂದೊಂದು ಮಾತನ್ನೂ ಕೇಳುತ್ತಿದ್ದರು.

ಒಂದು ವಾರ ಸೈಟನ್ನು ಪೂರ್ತಿ ನಿಲ್ಲಿಸಿ ಕೇಳಿದೆವು. ಚುಕ್ಕೆಗಳು ಬಿದ್ದವು, ಸಾಲುಗಟ್ಟಿದವು. ಓರೆಯಾಗಿ ಇಳಿದ ಒಂದು ಹಳೆಯ ಬಿರುಕು ಬಾವಿಯ ಬುಡದಿಂದ ಹೊರಟು ದಗಿಸ್ ಮತ್ತು ಬಿರ್ಗಿಟ್ಟಾಳ ಮನೆಯ ಅಡಿಗೆ ನೇರ ಹೋಗಿತ್ತು. ಒತ್ತಡ ಏರಿಸಿದ್ದರೆ ಅದು ಪೂರ್ತಿ ಜಾರುತ್ತಿತ್ತೋ ಏನೋ, ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಕೊಮ್ಯೂನ್ ಯೋಜನೆಯನ್ನು ಮುಚ್ಚಿತು. ಬಾವಿಗೆ ಸಿಮೆಂಟು ಸುರಿದರು. ನನ್ನ ನೌಕರಿ ಹೋಯಿತು.

ಆಮೇಲಿನ ವಾರಗಳಲ್ಲಿ ನಾನು ಸತ್ಯಕ್ಕಾಗಿ ಸರ್ವಸ್ವ ಕಳೆದುಕೊಂಡವಳ ಮುಖ ಹೊತ್ತು ಸುಂಡ್‌ಬೀಬರ್ಯ್‌ನ ಮೆಟ್ರೋದಲ್ಲಿ ಓಡಾಡಿದೆ. ನೌಕರಿ ಹೋದವರಿಗೆ ಹೊಸದು ಹುಡುಕಲು ಪರ್ಮಿಟ್ಟಿನಲ್ಲಿ ಕೊಡುವ ಮೂರು ತಿಂಗಳ ಗಡುವು ಮುಗಿಯಲು ಒಂಬತ್ತು ದಿನವಿದ್ದಾಗ ಯೋಥೆಬೋರಿ ಊರಿನ ಲಿಂಡ್‌ಹೋಲ್ಮೆನ್‌ನಲ್ಲಿ ಕಾರುಗಳ ಕಂಪನ ಅಳೆಯುವ ಕೆಲಸ ಸಿಕ್ಕಿತು. ಆ ಅವಧಿಯುದ್ದಕ್ಕೂ ದಿನ ಬಿಟ್ಟು ದಿನ ಸಾಹೇಬರಿಗೆ ಫೋನ್ ಮಾಡಿ ಗೋಳಾಡುತ್ತಿದ್ದೆ. "ಸಿಗ್ತದ ತಂಗಿ, ಸಿಗ್ತದ" ಎನ್ನುತ್ತಿದ್ದರು. ನೀವು ಹೇಗಿದ್ದೀರಿ ಎಂದರೆ, "ಆರಾಮ ಅದೀನಿ, ನನಗೇನಾಗ್ಯದ" ಎನ್ನುತ್ತಿದ್ದರು. ಅವರಿಗೆ ವಯಸ್ಸಾಗಿದೆ, ನಿವೃತ್ತರಾಗಿದ್ದಾರೆ ಎಂದುಕೊಂಡೆ. ಮತ್ತೆ ನನ್ನ ಗೋಳಿಗೆ ಮರಳುತ್ತಿದ್ದೆ.

ಯೋಥೆಬೋರಿಗೆ ಹೊರಡುವ ಮುನ್ನ ಎಸ್ಕಿಲ್‌ಸ್ಟುನಾ ಸ್ಟೇಷನ್ನಿನಲ್ಲಿ ಅವರನ್ನು ಕಂಡೆ. ಬೆರಳುಗಳಿಗೆ ಪಟ್ಟಿ ಸುತ್ತಿದ್ದರು. ಏನಾಯಿತು ಎಂದರೆ, "ಮನ್ಯಾಗ ಸಾಮಾನು ಎತ್ತಿಡಾಕ ಹೋಗಿದ್ದೆ" ಎಂದು ನಕ್ಕು, ಮಗಳ ಕೈಗೆ ಶೇಂಗಾ ಚಿಕ್ಕಿ ಕೊಟ್ಟರು. ಅವಳು ಸ್ವೀಡಿಷ್‌ನಲ್ಲಿ ಥ್ಯಾಂಕ್ಸ್ ಹೇಳಿದಳು, ಅವರೂ ಸ್ವೀಡಿಷ್‌ನಲ್ಲಿ ಉತ್ತರ ಕೊಟ್ಟರು. ರೈಲು ಬಂತು. ಅದೇ ಕೊನೆಯ ಭೇಟಿ ಎಂದು ಗೊತ್ತಿದ್ದರೆ ಇನ್ನೊಂದು ರೈಲಿಗೆ ಕಾಯುತ್ತಿದ್ದೆ.

ಹೋದ ಚಳಿಗಾಲದಲ್ಲಿ ಸಾಹೇಬರು ತೀರಿಕೊಂಡರು, ಹೃದಯಾಘಾತ. ಸುದ್ದಿ ತಡವಾಗಿ ತಿಳಿದು ನಾನು ಎಸ್ಕಿಲ್‌ಸ್ಟುನಾಕ್ಕೆ ಹೋಗುವಷ್ಟರಲ್ಲಿ ದಫನ್ ಮುಗಿದು ವಾರವಾಗಿತ್ತು. ಶಾಹಿದಾ ಬೇಗಂ ನನ್ನ ಕೈಹಿಡಿದು ಕೂರಿಸಿ, ನಾನು ಬೇಡವೆಂದರೂ ತಟ್ಟೆಗೆ ರೊಟ್ಟಿ ಹಾಕಿದರು. ನಾನು ಅತ್ತೆ. ಅಳುತ್ತಲೇ, "ಕೊನೆಗಾಲದಲ್ಲಾದ್ರೂ ರೆಸ್ಟ್ ಸಿಕ್ತಲ್ಲ ಅವ್ರಿಗೆ," ಎಂದೆ.

"ಎಲ್ಲಿ ರೆಸ್ಟ್ ರಿ? ಬಾವಿ ಮುಚ್ಚಿದ ಮ್ಯಾಲ ಗೋದಾಮಿನ್ಯಾಗ ಪೆಟಿಗಿ ಎತ್ತಾಕ ಹೋಗ್ತಿದ್ರು. ಬಾವಿ ಇರೂ ತನಕ ಅಷ್ಟ ಅವ್ರ ನೌಕರಿ ಇತ್ತು. ಪೂರಾ ಪಿಂಚಣಿಗೆ ಇನ್ನಾ ನಾಕ್ ವರ್ಷ ಇತ್ತು."

ಮೂರು ವರ್ಷದಿಂದ ನಾನು ನನ್ನ ಬಲಿದಾನದ ಕತೆಯನ್ನು ಊರವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಅವರ ನೌಕರಿ ಏನಾಗಬಹುದು ಎಂದು ಒಮ್ಮೆಯೂ, ಒಂದೇ ಒಂದು ಸಲವೂ ಯೋಚಿಸಿರಲಿಲ್ಲ.

"ನಾನು ಸಭೇಲಿ ಹೇಳಿದ್ರೆ ಬಾವಿ ಮುಚ್ತಾರೆ ಅಂತ ಅವ್ರಿಗೆ ಗೊತ್ತಿತ್ತಾ?" ಎಂದು ಕೇಳಿದೆ.

"ಗೊತ್ತಿಲ್ಲದೇನ್ರಿ? ಹಿಂದಿನ ದಿನಾನ ಮನ್ಯಾಗ ಹೇಳಿದ್ರು. ಆ ಬಿರುಕು ಊರ ಕಡೆ ಹೋಗ್ಯದ, ನಾಳಿ ಆ ಹುಡುಗಿ ಖರೇ ಹೇಳಿದ್ರ ನನ್ನ ಕೆಲಸ ಮುಗೀತು, ನೀ ಏನಂತಿ ಅಂತ ಕೇಳಿದ್ರು. ಹೋಗ್ಲಿ ಬಿಡ್ರಿ ಅಂದೆ." ಶಾಹಿದಾ ಬೇಗಂ ನನ್ನ ತಟ್ಟೆಗೆ ಹಿಂಡಿ ಹಾಕಿ, ಅದರ ಮೇಲೆ ಎಣ್ಣೆ ಬಿಟ್ಟರು. "ಆಕಿಗೆ ಮಾತ್ರ ಹೇಳಬ್ಯಾಡ ಅಂದ್ರು. ಗೊತ್ತಾದ್ರ ನನ್ನ ಸಲುವಾಗಿ ಸುಮ್ಮನಾಗ್ತಾಳ ಅಂದ್ರು."